ಬೆಂಗಳೂರು–ಮಂಗಳೂರು 306 ಕಿ.ಮೀ.: ಹಾರಿದ್ದು 44 ನಿಮಿಷ, ಮನೆ ಮುಟ್ಟಲು ಆರೂಮುಕ್ಕಾಲು ಗಂಟೆ. ಯಾಕೆ ಹೀಗೆ?

ಪುತ್ತೂರಿನ ಮಗ

ಎಲ್ಲರಿಗೂ ನಮಸ್ಕಾರ. ವಿಮಾನದ ಲೆಕ್ಕ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಕಳೆದ ತಿಂಗಳು ಅಪ್ಪ ಅಂಗಳದಲ್ಲಿ ಅಡಿಕೆ ಹರವುವಾಗ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟಾಯಿತು, ಪುತ್ತೂರಿನಲ್ಲೇ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ಬಂದಾಗ ನಾನು ಎಲೆಕ್ಟ್ರಾನಿಕ್ ಸಿಟಿಯ ಮನೆಯಲ್ಲಿದ್ದೆ. ಬೇಗ ಹೋಗಬೇಕು ಅಂದರೆ ವಿಮಾನ ತಾನೇ? ಹಿಂದೆಮುಂದೆ ನೋಡದೆ ಮಂಗಳೂರಿಗೆ ಟಿಕೆಟ್ ಮಾಡಿದೆ.

ಮನೆ ಬಿಟ್ಟಿದ್ದು 7:40ಕ್ಕೆ. ಹೆಬ್ಬಾಳ ದಾಟಿ ವಿಮಾನ ನಿಲ್ದಾಣ ತಲುಪಿದ್ದು 9:35ಕ್ಕೆ. ವಿಮಾನ 11:20ಕ್ಕೆ. ಅದು ಜಾಗ ಬಿಟ್ಟು ಕದಲಿದ್ದು 11:25, ನೆಲ ಬಿಟ್ಟಿದ್ದು 11:43, ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿದದ್ದು 12:27. ಬ್ಯಾಗು ಬಂದು ನಾನು ಹೊರಗೆ ಬರುವಾಗ 12:55. ಟ್ಯಾಕ್ಸಿಯಲ್ಲಿ ಪುತ್ತೂರಿನ ಆಸ್ಪತ್ರೆ ಬಾಗಿಲಿಗೆ 2:25. ಒಟ್ಟು 6 ಗಂಟೆ 45 ನಿಮಿಷ. ಅದರಲ್ಲಿ ಆಕಾಶದಲ್ಲಿ ಇದ್ದದ್ದು 44 ನಿಮಿಷ.

ನನ್ನ ಭಾವ ಅದೇ ದಿನ ಅದೇ ಬಡಾವಣೆಯಿಂದ ಕಾರಿನಲ್ಲಿ ಹೊರಟಿದ್ದರು. ಅವರಿಗೆ ತಿಂಡಿ, ಚಹಾ ಎಲ್ಲ ಸೇರಿ 7 ಗಂಟೆ 20 ನಿಮಿಷ ಹಿಡಿಯಿತು. ನನಗಿಂತ ಬರೀ 35 ನಿಮಿಷ ಜಾಸ್ತಿ!

ಈಗ ನನ್ನ ಪ್ರಶ್ನೆ. ಎರಡು ನಿಲ್ದಾಣಗಳ ನಡುವೆ ನೇರ ದೂರ 306 ಕಿ.ಮೀ. ಅಂತ ಲೆಕ್ಕ ಬರುತ್ತದೆ. ವಿಮಾನದ ವೇಗ ಗಂಟೆಗೆ 800 ಕಿ.ಮೀ. ಅಂದರೆ 23 ನಿಮಿಷ ಸಾಕು. ದೂರ ತೋರಿಸುವ ತಾಣದಲ್ಲಿ 53 ನಿಮಿಷ ಅಂತಿದೆ. ಟಿಕೆಟ್‌ನಲ್ಲಿ 1 ಗಂಟೆ 10 ನಿಮಿಷ. ಹಾರಿದ್ದು 44. ಈ ನಾಲ್ಕರಲ್ಲಿ ಯಾವುದನ್ನು ನಂಬುವುದು? ಮುಂದಿನ ಸಲ ಹೀಗೆ ಅವಸರ ಬಂದರೆ ನಾನು ಯಾವುದರಲ್ಲಿ ಹೋಗಬೇಕು?

ಗುಂಡ್ಯ ಹೊಳೆ

ಮೊದಲು ಅಪ್ಪ ಹೇಗಿದ್ದಾರೆ ಹೇಳಿ.

ಪುತ್ತೂರಿನ ಮಗ

ಮೂಳೆ ಮುರಿದಿರಲಿಲ್ಲ, ದೇವರ ದಯೆ. ಈಗ ಕೋಲು ಹಿಡಿದು ತೋಟದವರೆಗೂ ಹೋಗುತ್ತಾರೆ. ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ರನ್‌ವೇ 27

ನಾಲ್ಕೂ ಸರಿಯೇ. ಒಂದೊಂದೂ ಬೇರೆ ಬೇರೆ ವಿಷಯ ಹೇಳುತ್ತಿದೆ, ಅಷ್ಟೇ.

ನಿಮ್ಮ 23 ನಿಮಿಷದಿಂದ ಶುರು ಮಾಡೋಣ. 800 ಕಿ.ಮೀ. ವೇಗ ಬರುವುದು ವಿಮಾನ ಮೇಲೆ ಹೋಗಿ ಸಮತಟ್ಟಾಗಿ ಹಾರುವಾಗ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ ಇದೆ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಇಳಿಯುವ ಕೊನೆಯ ಹಂತದಲ್ಲಿ ಇನ್ನೂ ಕಡಿಮೆ, 250–260 ಕಿ.ಮೀ. ಆಸುಪಾಸು.

ಈಗ ಮಂಗಳೂರಿನ ಲೆಕ್ಕ ನೋಡಿ. ಇಷ್ಟು ಚಿಕ್ಕ ದಾರಿಗೆ 36,000 ಅಡಿ ಏರುವುದಿಲ್ಲ. 24,000 ಅಡಿ ಅಂತ ಇಟ್ಟುಕೊಳ್ಳೋಣ. ಇಳಿಯಲು ಪೈಲಟ್‌ಗಳು ಬಳಸುವ ಒಂದು ಸರಳ ಸೂತ್ರ ಇದೆ: ಪ್ರತಿ 1,000 ಅಡಿಗೆ 3 ನಾಟಿಕಲ್ ಮೈಲಿ. 24 × 3 = 72 ನಾಟಿಕಲ್ ಮೈಲಿ, ಅಂದರೆ 133 ಕಿ.ಮೀ. ಏರುವುದಕ್ಕೆ 100 ಕಿ.ಮೀ. ಹತ್ತಿರ ಹೋಗುತ್ತದೆ. 306ರಲ್ಲಿ ಉಳಿದದ್ದು ಎಷ್ಟು? 70 ಚಿಲ್ಲರೆ ಕಿ.ಮೀ. ನಿಮ್ಮ ವಿಮಾನ ನಿಜವಾದ ವೇಗದಲ್ಲಿ ಹಾರಿದ್ದು ಐದಾರು ನಿಮಿಷ. ಉಳಿದದ್ದೆಲ್ಲ ಏರುವುದು, ಇಳಿಯುವುದು.

ಹಾಸನ ದಾಟುವ ಹೊತ್ತಿಗೆ ಕಿವಿ ಗುಂಯ್ ಅನ್ನಲು ಶುರುವಾಗುತ್ತದೆ, ಗಮನಿಸಿದ್ದೀರಾ? ಆಗಲೇ ಇಳಿಯಲು ಶುರು ಮಾಡಿರುತ್ತದೆ.

ಲೆಕ್ಕದ ಮೇಷ್ಟ್ರು

53 ನಿಮಿಷದ ಗುಟ್ಟು ನಾನು ಹೇಳುತ್ತೇನೆ. ಇಂಥ ತಾಣಗಳಲ್ಲಿ ಬಹಳಷ್ಟು ಒಂದೇ ಸೂತ್ರ ಹಾಕುತ್ತವೆ. ನೇರ ದೂರವನ್ನು ಗಂಟೆಗೆ 500 ಮೈಲಿಯಿಂದ ಭಾಗಿಸು, ಏರಿಳಿಯಲು 30 ನಿಮಿಷ ಸೇರಿಸು. 500 ಮೈಲಿ ಅಂದರೆ 805 ಕಿ.ಮೀ. 306ನ್ನು 805ರಿಂದ ಭಾಗಿಸಿದರೆ 23 ನಿಮಿಷ. ಅದಕ್ಕೆ 30 ಕೂಡಿ. 53 ಬಂತು! ಅದಕ್ಕೆ ಬಜ್ಪೆಯೂ ಗೊತ್ತಿಲ್ಲ, ಮಳೆಯೂ ಗೊತ್ತಿಲ್ಲ.

ಕರಾವಳಿ ಹುಡುಗ

ಟಿಕೆಟ್‌ನಲ್ಲಿ 1 ಗಂಟೆ 10 ನಿಮಿಷ ಬರೆದು 50 ನಿಮಿಷಕ್ಕೆ ಇಳಿಸುತ್ತಾರೆ. ಆಮೇಲೆ "ನಾವು ಸಮಯಕ್ಕೆ ಮುಂಚೆ ಬಂದೆವು" ಅಂತ ಹೇಳಿಕೊಳ್ಳುತ್ತಾರೆ. ಇದು ಮೋಸ ಅಲ್ವಾ?

ರನ್‌ವೇ 27

ಪೂರ್ತಿ ಮೋಸ ಅನ್ನಲಾಗುವುದಿಲ್ಲ. ಟಿಕೆಟ್‌ನ ಸಮಯ ಹಾರಾಟದ ಸಮಯ ಅಲ್ಲ. ವಿಮಾನ ಬೆಂಗಳೂರಿನಲ್ಲಿ ನಿಂತ ಜಾಗದಿಂದ ಕದಲಿದಾಗ ಶುರು, ಮಂಗಳೂರಿನಲ್ಲಿ ಪೂರ್ತಿ ನಿಂತಾಗ ಮುಗಿಯಿತು. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಮೂಲ ಪೋಸ್ಟ್‌ನಲ್ಲಿ ನೋಡಿ, ಕದಲಿದ್ದು 11:25, ನೆಲ ಬಿಟ್ಟಿದ್ದು 11:43. ಹದಿನೆಂಟು ನಿಮಿಷ ನೆಲದ ಮೇಲೇ ಹೋಯಿತು.

ಆದರೆ ನೀವು ಹೇಳಿದ್ದರಲ್ಲೂ ಸತ್ಯ ಇದೆ. ನಮ್ಮಲ್ಲಿ 15 ನಿಮಿಷದೊಳಗೆ ಇದ್ದರೆ ಸಮಯಕ್ಕೆ ಸರಿ ಅಂತ ಲೆಕ್ಕ. ಆ ಅಂಕಿ ಚೆನ್ನಾಗಿ ಕಾಣಲಿ ಅಂತ ವೇಳಾಪಟ್ಟಿಗೆ ಸ್ವಲ್ಪ ಗಾಳಿ ತುಂಬುತ್ತಾರೆ. ಇದು ಪ್ರಪಂಚದ ಎಲ್ಲ ಕಡೆಯೂ ಇದೆ.

ಹಳೇ ಎಚ್‌ಎಎಲ್

ಎಚ್‌ಎಎಲ್ ನಿಲ್ದಾಣ ಇದ್ದಾಗ ನಾನು ಇಂದಿರಾನಗರದಿಂದ ಆಟೋದಲ್ಲಿ ಹೋಗಿ ಮಂಗಳೂರು ವಿಮಾನ ಹತ್ತುತ್ತಿದ್ದೆ. ಹದಿನೈದು ನಿಮಿಷ. ಮಧ್ಯಾಹ್ನದ ಊಟಕ್ಕೆ ಕದ್ರಿಯಲ್ಲಿ ಅತ್ತೆ ಮನೆಯಲ್ಲಿ ಇರುತ್ತಿದ್ದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋಯಿತು ನೋಡಿ, ಅವತ್ತಿನಿಂದ ಮಂಗಳೂರು ದೂರ ಆಯಿತು. ಆಕಾಶದಲ್ಲಿ ದೂರ ಹೆಚ್ಚೇನೂ ಬದಲಾಗಲಿಲ್ಲ, ನೆಲದ ಮೇಲೆ ಒಂದೂವರೆ ಗಂಟೆ ಜಾಸ್ತಿ ಆಯಿತು.

ಯಲಹಂಕ ಉಪನಗರ

ನಮಗೆ ಹತ್ತಿರ ಆಯಿತು ಸರ್. ನಮ್ಮ ಕಡೆಯಿಂದ ಅರ್ಧ ಗಂಟೆ ಸಾಕು. ಎಲೆಕ್ಟ್ರಾನಿಕ್ ಸಿಟಿ ಅಳತೆಯಲ್ಲಿ ಇಡೀ ಊರನ್ನು ಅಳೆಯಬೇಡಿ.

ಹಳೇ ಎಚ್‌ಎಎಲ್

ಅದೂ ನಿಜ. ಆದರೆ ಹಳೆಯದನ್ನು ಮುಚ್ಚದೆ ಚಿಕ್ಕ ವಿಮಾನಗಳಿಗೆ ಬಿಟ್ಟಿದ್ದರೆ ಏನಾಗುತ್ತಿತ್ತು? ಮಂಗಳೂರು, ಹುಬ್ಬಳ್ಳಿಯಂಥ ಹತ್ತಿರದ ಊರುಗಳಿಗೆ ಊರೊಳಗಿನ ನಿಲ್ದಾಣವೇ ಬೇಕು.

ಲೆಕ್ಕದ ಮೇಷ್ಟ್ರು

ಒಪ್ಪಂದವೇ ಹಾಗಿತ್ತು. 150 ಕಿ.ಮೀ. ಒಳಗೆ 25 ವರ್ಷ ಇನ್ನೊಂದು ನಾಗರಿಕ ನಿಲ್ದಾಣ ಪೈಪೋಟಿಗೆ ಬರಬಾರದು ಅಂತ. ಅದು ಮುಗಿಯುವುದು 2033ಕ್ಕೆ. ಅದಕ್ಕೇ ಎರಡನೇ ನಿಲ್ದಾಣಕ್ಕೆ ಈಗಲೇ ಜಾಗ ನೋಡುತ್ತಿದ್ದಾರೆ. ಕನಕಪುರ ರಸ್ತೆ ಕಡೆ, ನೆಲಮಂಗಲ ಕಡೆ ಅಂತ 2025ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಪರಿಶೀಲನೆ ಮಾಡಿತು.

ಪುತ್ತೂರಿನ ಮಗ

ಕನಕಪುರ ರಸ್ತೆಗೆ ಬಂದರೆ ನನಗೆ ಒಂದು ಗಂಟೆ ಉಳಿಯುತ್ತದೆ. ಅಷ್ಟರಲ್ಲಿ ಅಪ್ಪನಿಗೂ ವಯಸ್ಸಾಗುತ್ತದೆ, ನನಗೂ.

ಡೊಂಬಿವಿಲಿ ಅಕ್ಕ

ನಾನು ಮುಂಬೈ ಕಡೆಯಿಂದ ಒಂದು ಹೋಲಿಕೆ ಕೊಡುತ್ತೇನೆ. ಮುಂಬೈ–ಮಂಗಳೂರು ನೇರ ದೂರ ಸುಮಾರು 710 ಕಿ.ಮೀ. ನಿಮ್ಮದರ ಎರಡು ಪಟ್ಟಿಗಿಂತ ಜಾಸ್ತಿ. ಟಿಕೆಟ್‌ನಲ್ಲಿ ಸುಮಾರು ಒಂದೂವರೆ ಗಂಟೆ ಇರುತ್ತದೆ. 400 ಕಿ.ಮೀ. ಜಾಸ್ತಿಗೆ ಬರೀ ಇಪ್ಪತ್ತು ಇಪ್ಪತ್ತೈದು ನಿಮಿಷ! ರನ್‌ವೇ 27 ಹೇಳಿದ್ದು ಈಗ ನನಗೆ ಅರ್ಥ ಆಯಿತು. ದೂರ ಜಾಸ್ತಿ ಆದಷ್ಟೂ ವಿಮಾನಕ್ಕೆ ಲಾಭ.

ನಮ್ಮಪ್ಪ ಬೋರಿಯಲ್ಲಿ ಹೋಟೆಲ್ ಕೆಲಸಕ್ಕೆ ಬಂದವರು. ಆಗ ಊರಿಗೆ ಹೋಗಲು ಬಸ್ಸೇ ಗತಿ. ಒಂದು ಹಗಲು ಒಂದು ರಾತ್ರಿ. ಕುಂದಾಪುರ ತಲುಪುವಾಗ ನಮಗೆಲ್ಲ ಮೈತುಂಬಾ ಧೂಳು, ತಲೆ ಗಿರ್ರನೆ ತಿರುಗುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾಯಿತು ನೋಡಿ, ಅವತ್ತು ನಮ್ಮ ಚಾಳಿನಲ್ಲಿ ಸಿಹಿ ಹಂಚಿದರು. ಮತ್ಸ್ಯಗಂಧದಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಊರು. ಈಗ ಮಕ್ಕಳು ವಿಮಾನ ಅನ್ನುತ್ತಾರೆ. ನಮಗೆ ಮಾತ್ರ ರೈಲೇ ಇಷ್ಟ.

ಕರಾವಳಿ ಹುಡುಗ

ಬೋರಿಯಲ್ಲಿ? ಬೋರಿವಿಲಿ ಅಲ್ವಾ?

ಡೊಂಬಿವಿಲಿ ಅಕ್ಕ

ಬೋರಿಬಂದರ್. ನಾವು ಬೋರಿ ಅಂತಲೇ ಹೇಳುವುದು. ಸಿಎಸ್‌ಎಂಟಿ ಹತ್ತಿರ.

ಗುಂಡ್ಯ ಹೊಳೆ

ನನ್ನ ಉತ್ತರ ಸರಳ. ಪುತ್ತೂರಿಗೆ ಕಾರು, ಇಲ್ಲ ರಾತ್ರಿ ಬಸ್ಸು. ಬಜ್ಪೆಗೆ ಹೋಗಿ ಮತ್ತೆ ಪುತ್ತೂರಿಗೆ ಬರುವುದು ಅಂದರೆ ಊರನ್ನು ದಾಟಿ ಹೋಗಿ ವಾಪಸ್ ಬಂದ ಹಾಗೆ. ಬೆಂಗಳೂರಿನಿಂದ ಬರುವವರು ಶಿರಾಡಿ ಇಳಿದು ಉಪ್ಪಿನಂಗಡಿಯಲ್ಲಿ ತಿರುಗಿದರೆ ಮುಗಿಯಿತು. ಅಲ್ಲಿಂದ ಪುತ್ತೂರು ಹನ್ನೆರಡು ಹದಿಮೂರು ಕಿ.ಮೀ. ನೀವು ಬಜ್ಪೆಯಿಂದ ಬಿ.ಸಿ. ರೋಡ್, ಕಲ್ಲಡ್ಕ, ಮಾಣಿ ಅಂತ 50 ಕಿ.ಮೀ. ವಾಪಸ್ ಪೂರ್ವಕ್ಕೆ ಬಂದಿರಿ. ವಿಮಾನ ನಿಮ್ಮನ್ನು ಮನೆ ದಾಟಿಸಿ ಬಿಟ್ಟಿತು.

ಪುತ್ತೂರಿನ ಮಗ

ಹೌದಲ್ಲ! ಇದು ನನಗೆ ಹೊಳೆದೇ ಇರಲಿಲ್ಲ. ಕಲ್ಲಡ್ಕದಲ್ಲಿ ಟ್ಯಾಕ್ಸಿಯವರು "ಕೆ.ಟಿ. ಕುಡಿಯುತ್ತೀರಾ" ಅಂತ ಕೇಳಿದರು. ಅವತ್ತು ಬೇಡ ಅಂದೆ.

ಬಿ.ಸಿ. ರೋಡ್ ಬದಿ

ಕಲ್ಲಡ್ಕಕ್ಕೆ ಬಂದು ಕೆ.ಟಿ. ಬೇಡ ಅಂದಿರಾ? ಆ ದಿನ ಮನಸ್ಸು ಹೇಗಿತ್ತು ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಹಾಲು ಕೆಳಗೆ, ಡಿಕಾಕ್ಷನ್ ಮೇಲೆ, ಎರಡೂ ಬೆರೆಯದ ಹಾಗೆ ನಿಲ್ಲಿಸುವ ಚಹಾ ಅದು. ಮುಂದಿನ ಸಲ ಅಪ್ಪನಿಗೂ ಕುಡಿಸಿ.

ಘಾಟಿಯ ಮಳೆ

ಗುಂಡ್ಯ ಹೊಳೆಯವರೇ, ನೀವು ಹೇಳುವುದು ಡಿಸೆಂಬರ್‌ಗೆ ಸರಿ. ಜುಲೈಗೆ? ದೋಣಿಗಲ್ ಹತ್ತಿರ ಎಷ್ಟು ಸಲ ಮಣ್ಣು ಕುಸಿದಿದೆ ಲೆಕ್ಕ ಇದೆಯಾ? 2018ರ ಆಗಸ್ಟ್‌ನಲ್ಲಿ ಶಿರಾಡಿಯೂ ಬಂದ್, ಸಂಪಾಜೆ ಕಡೆ ಜೋಡುಪಾಲದಲ್ಲಿ ಗುಡ್ಡವೇ ಬಂದು ರಸ್ತೆ ಇಲ್ಲ. ಚಾರ್ಮಾಡಿಯಲ್ಲಿ ದೊಡ್ಡ ಗಾಡಿ ಬಿಡುವುದಿಲ್ಲ. ಆ ವಾರ ನಮ್ಮ ಅಕ್ಕನ ಹೆರಿಗೆ. ನಾನು ಬೆಂಗಳೂರಿನಲ್ಲಿ. ಬಂದದ್ದು ವಿಮಾನದಲ್ಲೇ. ಅವತ್ತು ಆ 44 ನಿಮಿಷಕ್ಕೆ ಎಷ್ಟು ಬೆಲೆ ಇತ್ತು ಅಂತ ನನಗೆ ಗೊತ್ತು.

ಗುಂಡ್ಯ ಹೊಳೆ

ಒಪ್ಪಿದೆ. 2018ರ ಮಳೆ ನಾನೂ ನೋಡಿದ್ದೇನೆ. ಘಾಟಿ ಬಂದ್ ಇದ್ದಾಗ ನನ್ನ ಮಾತು ನಡೆಯುವುದಿಲ್ಲ.

ಕೆಂಜಾರು ಗುಡ್ಡ

ಮಳೆಗಾಲದಲ್ಲಿ ವಿಮಾನವೂ ಗ್ಯಾರಂಟಿ ಅಲ್ಲ ಸ್ವಾಮಿ. ನನ್ನ ಅನುಭವ ಕೇಳಿ. ಜೂನ್ ಕೊನೆ ವಾರ. ಬೆಂಗಳೂರಿನಿಂದ ಹೊರಟೆವು. ಮಂಗಳೂರಿನ ಮೇಲೆ ಬಂದಾಗ ಕಿಟಕಿಯಲ್ಲಿ ಬೆಳ್ಳಗೆ ಬಿಟ್ಟರೆ ಏನೂ ಇಲ್ಲ. ಎರಡು ಸುತ್ತು ಹಾಕಿತು. ಒಮ್ಮೆ ಇಳಿಯಲು ಹೋಗಿ ಮತ್ತೆ ಮೇಲೆ ಎದ್ದಿತು. ಎಲ್ಲರೂ ಉಸಿರು ಬಿಗಿ ಹಿಡಿದು ಕೂತಿದ್ದರು. ಆಮೇಲೆ ಪೈಲಟ್ "ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದೇವೆ" ಅಂದರು. ಎರಡೂವರೆ ಗಂಟೆ ಕೂತು, ಹತ್ತಿದ ಜಾಗದಲ್ಲೇ ಇಳಿದೆವು. ಆ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮನೆ ಮುಟ್ಟಿದೆ.

ಆದರೂ ಆ ಪೈಲಟ್‌ಗೆ ಕೈಮುಗಿಯುತ್ತೇನೆ. ಇದು ಗುಡ್ಡದ ತಲೆ ಕಡಿದು ಮಾಡಿದ ನಿಲ್ದಾಣ. ರನ್‌ವೇ 2,450 ಮೀಟರ್, ಅದರಾಚೆ ಕಣಿವೆ. 2010ರ ಮೇ 22ರ ಬೆಳಿಗ್ಗೆ ನಮ್ಮ ಮನೆವರೆಗೂ ಹೊಗೆ ಕಾಣಿಸಿತ್ತು. ದುಬೈಯಿಂದ ಬಂದ ವಿಮಾನ. 158 ಜನ ಹೋದರು, ಉಳಿದವರು ಎಂಟು ಮಂದಿ. ಆವತ್ತಿನಿಂದ, ಸಂಶಯ ಬಂದರೆ ಇಳಿಸಬೇಡಿ ಅಂತಲೇ ನಾವು ಹೇಳುವುದು. ತಡವಾದರೆ ಆಗಲಿ.

ಡೊಂಬಿವಿಲಿ ಅಕ್ಕ

ಆ ದಿನ ನಮ್ಮ ಕಟ್ಟಡದಲ್ಲೂ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲಿಲ್ಲ. ನೀವು ಹೇಳಿದ್ದು ಸರಿ ಮಗಾ.

ರನ್‌ವೇ 27

ಕೆಂಜಾರು ಗುಡ್ಡದವರ ಮಾತಿಗೆ ನನ್ನದೂ ಸೇರಿಸಿ.

ಸಮಯ ಹೆಚ್ಚುಕಡಿಮೆ ಆಗಲು ಇನ್ನೊಂದು ಕಾರಣ ಅದೇ ಗುಡ್ಡದಲ್ಲಿದೆ. ಬಜ್ಪೆಯ ದೊಡ್ಡ ರನ್‌ವೇ ನೈಋತ್ಯ–ಈಶಾನ್ಯ ದಿಕ್ಕಿಗೆ ಇದೆ. ಒಂದು ತುದಿಗೆ 24, ಇನ್ನೊಂದಕ್ಕೆ 06 ಅಂತ ಹೆಸರು. 24ಕ್ಕೆ ಇಳಿಯುವಾಗ ವಿಮಾನ ಘಟ್ಟದ ಕಡೆಯಿಂದ ಬರುತ್ತದೆ. ಬೆಂಗಳೂರಿನಿಂದ ಹೋಗುವವರಿಗೆ ಅದು ಹೆಚ್ಚುಕಡಿಮೆ ದಾರಿಯಲ್ಲೇ ಇದೆ. 06ಕ್ಕೆ ಇಳಿಯಬೇಕಾದರೆ ಸಮುದ್ರದ ಮೇಲೆ ಹೋಗಿ ತಿರುಗಿ ಬರಬೇಕು. ಅಲ್ಲಿ ಎಂಟು ಹತ್ತು ನಿಮಿಷ ಜಾಸ್ತಿ.

ಬೆಂಗಳೂರಿನಲ್ಲೂ ಹಾಗೇ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ, ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಏರುತ್ತದೆ. ಮಂಗಳೂರು ಎದುರಿಗೇ ಇದೆ. ಚಳಿಗಾಲದಲ್ಲಿ ಪೂರ್ವದ ಗಾಳಿ. ಆಗ ಹೊಸಕೋಟೆ ಕಡೆ ಏರಿ, ಸುತ್ತಿ, ವಾಪಸ್ ಪಶ್ಚಿಮಕ್ಕೆ ಬರಬೇಕು. ಅದೇ 306 ಕಿ.ಮೀ. ಒಂದು ದಿನ 330 ಆಗುತ್ತದೆ, ಇನ್ನೊಂದು ದಿನ 370 ಆಗುತ್ತದೆ.

ಮೊದಲ ಸಲ

ನನಗೆ ಒಂದು ಸಂಶಯ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಹಾಗಾದರೆ ಮಂಗಳೂರಿಗೆ ಹೋಗುವಾಗ ಮಂಗಳೂರೇ ನಮ್ಮ ಕಡೆ ಬರುತ್ತದೆ, ಬೇಗ ತಲುಪಬೇಕಲ್ಲ? ವಿಮಾನ ಮೇಲೆ ಸುಮ್ನೆ ನಿಂತರೂ ಸಾಕಲ್ಲ?

ಲೆಕ್ಕದ ಮೇಷ್ಟ್ರು

ಒಳ್ಳೆ ಪ್ರಶ್ನೆ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯ ಜೊತೆ ವಿಮಾನವೂ. ಓಡುವ ಬಸ್ಸಿನೊಳಗೆ ಚೆಂಡು ಮೇಲಕ್ಕೆ ಎಸೆದರೆ ನಿಮ್ಮ ಕೈಗೇ ಬೀಳುತ್ತದಲ್ಲ, ಹಾಗೆ. ಭೂಮಿ ತಿರುಗುವುದರಿಂದ ನೇರವಾಗಿ ಏನೂ ಉಳಿಯುವುದಿಲ್ಲ. ಉಳಿಸುವುದು, ಕಳೆಯುವುದು ಎರಡೂ ಮೇಲಿನ ಗಾಳಿ.

ಸನಿವೇಲ್ ಕನ್ನಡಿಗ

ಗಾಳಿಯ ಆಟ ನೋಡಬೇಕಾದರೆ ನಮ್ಮ ದಾರಿಗೆ ಬನ್ನಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಮೊದಲ ಸಲ ನೇರ ವಿಮಾನ ಬಿಟ್ಟಾಗ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದರು. 17 ಗಂಟೆ ಮೀರಿದ ಹಾರಾಟ. ಅವತ್ತು ನನ್ನ ಮಗಳು ಟಿವಿ ಮುಂದಿನಿಂದ ಏಳಲೇ ಇಲ್ಲ.

ಸಾಮಾನ್ಯ ನಕ್ಷೆ ನೋಡಿದರೆ ಧ್ರುವದ ಕಡೆ ಯಾಕೆ ಹೋದರು ಅನಿಸುತ್ತದೆ. ಒಂದು ಗೋಳ ತೆಗೆದುಕೊಂಡು ಎರಡು ಊರಿಗೆ ದಾರ ಎಳೆದು ನೋಡಿ. ದಾರ ತಾನಾಗಿ ಉತ್ತರಕ್ಕೆ ಹೋಗುತ್ತದೆ. ಇನ್ನು ಬೆಂಗಳೂರಿನಿಂದ ಇಲ್ಲಿಗೆ ಬರುವಾಗ ಗಾಳಿ ಬೆನ್ನಿಗೆ ಸಿಗಲಿ ಅಂತ ಪೆಸಿಫಿಕ್ ಮೇಲಿನಿಂದಲೂ ಬರುತ್ತಿದ್ದರು. ದಾರಿ ಉದ್ದ ಆದರೂ ಸಮಯ ಉಳಿಯುತ್ತಿತ್ತು.

ಮೊದಲ ಸಲ

ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಅಲ್ಲಿಗೆ ತಲುಪುತ್ತಿದ್ದರಂತೆ, ಹೌದಾ? ಹಾಗಾದರೆ ಮೂರೇ ಗಂಟೆನಾ?

ಸನಿವೇಲ್ ಕನ್ನಡಿಗ

ಗಡಿಯಾರ ಹಾಗೆ ಹೇಳುತ್ತದೆ. ಇಲ್ಲಿ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅದಕ್ಕೇ ಬೇರೆ ಬೇರೆ ದೇಶದ ಊರುಗಳಾದರೆ ಹೊರಡುವ, ತಲುಪುವ ಗಂಟೆಯನ್ನು ಸುಮ್ನೆ ಕಳೆಯಬಾರದು. ಎರಡೂ ಅಲ್ಲಲ್ಲಿನ ಗಡಿಯಾರದ ಸಮಯ. ನಮ್ಮಮ್ಮ ಮೊದಲ ಸಲ ಬಂದಾಗ "ಒಂದೇ ದಿನಕ್ಕೆ ಎರಡು ಸಲ ಮಧ್ಯಾಹ್ನ ಆಯಿತಲ್ಲೋ" ಅಂತ ಆಶ್ಚರ್ಯಪಟ್ಟಿದ್ದರು.

ಸೊಗಾನೆ ಬಯಲು

ಅಮೆರಿಕ ಬಿಟ್ಟು ಶಿವಮೊಗ್ಗಕ್ಕೆ ಬನ್ನಿ. ನಮ್ಮ ಸೊಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರಲ್ಲಿ ಶುರುವಾದಾಗ ಎಷ್ಟು ಖುಷಿ ಇತ್ತು ನಮಗೆ! ಬೆಂಗಳೂರಿಗೆ ನೇರ ದೂರ 240 ಕಿ.ಮೀ. ಆಸುಪಾಸು. ಶುರುವಿನಲ್ಲಿ ಎಟಿಆರ್ ಬಂತು, ಫ್ಯಾನ್ ತಿರುಗುವ ಚಿಕ್ಕ ವಿಮಾನ. ಒಂದು ಗಂಟೆ. ಜನಶತಾಬ್ದಿ ರೈಲು ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮೆಜೆಸ್ಟಿಕ್‌ಗೇ ತಂದು ಬಿಡುತ್ತದೆ. ದೇವನಹಳ್ಳಿಯಲ್ಲಿ ಇಳಿದು ಜಯನಗರಕ್ಕೆ ಹೋಗುವ ನನಗೆ ಎರಡೂ ಒಂದೇ ಆಯಿತು. ಆದರೆ ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಮುಂದೆ ಹೋಗುವವರಿಗೆ ನಮ್ಮ ನಿಲ್ದಾಣ ವರವೇ. ಮಗ ದೆಹಲಿಯಲ್ಲಿದ್ದಾನೆ, ಊರೊಳಗೆ ಹೋಗುವ ಗೋಜೇ ಇಲ್ಲ.

ಕರಾವಳಿ ಹುಡುಗ

ಎಟಿಆರ್ ಅಂದರೆ ನಿಧಾನ. ಮಂಗಳೂರಿಗೆ ಎಟಿಆರ್ ಇದ್ದರೆ ನಾನು ಹತ್ತುವುದೇ ಇಲ್ಲ.

ರನ್‌ವೇ 27

ಅದು ತಪ್ಪು ಲೆಕ್ಕ. ಎಟಿಆರ್ ಗಂಟೆಗೆ 500 ಕಿ.ಮೀ. ಹಾರುತ್ತದೆ, ಜೆಟ್ 800. ಆದರೆ ಇಷ್ಟು ಹತ್ತಿರದ ದಾರಿಯಲ್ಲಿ ಜೆಟ್‌ಗೆ 800 ಸಿಗುವುದೇ ಐದಾರು ನಿಮಿಷ ಅಂದೆನಲ್ಲ. ಕೊನೆಗೆ ಉಳಿಯುವ ವ್ಯತ್ಯಾಸ ಹತ್ತು ನಿಮಿಷದಷ್ಟು. ಹೆಬ್ಬಾಳದಲ್ಲಿ ಒಂದು ಸಿಗ್ನಲ್ ತಪ್ಪಿದರೆ ಅಷ್ಟು ಹೋಗುತ್ತದೆ.

ಹುಬ್ಬಳ್ಳಿ ಗಿರ್ಮಿಟ್

ನಮ್ಮ ಕಡೆ 2023ರ ಜೂನ್‌ನಿಂದ ಧಾರವಾಡದ ವಂದೇ ಭಾರತ್ ಇದೆ. ಹುಬ್ಬಳ್ಳಿಗೆ ಆರು ಗಂಟೆಯೊಳಗೆ ಬರುತ್ತದೆ. ವಿಮಾನದ್ದು 370 ಕಿ.ಮೀ., ಒಂದು ಗಂಟೆ ಚಿಲ್ಲರೆ. ಮನೆಯಿಂದ ಮನೆಗೆ ಅಂದರೆ ನಾಲ್ಕೂವರೆ ಐದು ಗಂಟೆ. ನಾನು ರೈಲಿಗೇ ಹೋಗುತ್ತೇನೆ. ಕೂತು ಕೆಲಸ ಮಾಡಬಹುದು ನೋಡ್ರಿ. ವಿಮಾನದಲ್ಲಿ ಬೆಲ್ಟ್ ಬಿಚ್ಚು, ಚೀಲ ಇಡು, ಸಾಲು ನಿಲ್ಲು. ಒಂದು ಕಡೆ ಹತ್ತು ನಿಮಿಷ ನೆಮ್ಮದಿಯಿಂದ ಕೂರಲು ಬಿಡುವುದಿಲ್ಲ.

ಅಮ್ಮನ ಜತೆಗಾರ್ತಿ

ನಾನು ವಿಮಾನದ ಪರ ಮಾತಾಡುತ್ತೇನೆ. ನಮ್ಮಮ್ಮನಿಗೆ ಎರಡೂ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ, ರಾತ್ರಿ ಮೂರು ಸಲ ಶೌಚಕ್ಕೆ ಏಳಬೇಕು. ಘಾಟಿ ತಿರುವಿನಲ್ಲಿ ವಾಂತಿ. ಗಾಲಿಕುರ್ಚಿ ಬೇಕು ಅಂತ ಮೊದಲೇ ಹೇಳಿದರೆ ನಿಲ್ದಾಣದ ಬಾಗಿಲಿನಿಂದ ಸೀಟಿನವರೆಗೂ ಕರೆದುಕೊಂಡು ಹೋಗುತ್ತಾರೆ. ಮಂಗಳೂರಿನಲ್ಲೂ ಹಾಗೇ. ಒಟ್ಟು ಆರು ಗಂಟೆ ಆದರೂ ಅಮ್ಮ ಕಷ್ಟಪಡುವುದು ಒಂದು ಗಂಟೆ ಮಾತ್ರ. ಗಂಟೆ ಎಣಿಸುವಾಗ ಯಾರು ಹೋಗುತ್ತಿದ್ದಾರೆ ಅಂತಲೂ ನೋಡಬೇಕಲ್ವಾ?

ಪುತ್ತೂರಿನ ಮಗ

ಮೇಡಂ, ಇದು ಬಹಳ ಮುಖ್ಯವಾದ ಮಾತು. ಅಪ್ಪನನ್ನು ಬೆಂಗಳೂರಿಗೆ ತಪಾಸಣೆಗೆ ಕರೆತರುವ ದಿನ ಬಂದರೆ ಖಂಡಿತ ಹೀಗೇ ಮಾಡುತ್ತೇನೆ.

ಕಬಕ ಲೋಕಲ್

ಇಷ್ಟು ಹೊತ್ತು ಯಾರೂ ಹೇಳಲಿಲ್ಲವಲ್ಲ! ಪುತ್ತೂರಿನಲ್ಲಿ ರೈಲು ನಿಲ್ದಾಣ ಇದೆ. ಕಬಕ ಪುತ್ತೂರು. ಬೆಂಗಳೂರು–ಕಣ್ಣೂರು ರಾತ್ರಿ ರೈಲು ಹಾಸನ, ಸುಬ್ರಹ್ಮಣ್ಯ ರೋಡ್ ಮೇಲೆ ಬಂದು ಅಲ್ಲಿ ನಿಲ್ಲುತ್ತದೆ. ಊರೊಳಗೇ ಇಳಿಯಬಹುದು. ಬಜ್ಪೆಯೂ ಬೇಡ, ಟ್ಯಾಕ್ಸಿಯೂ ಬೇಡ.

ನಿಧಾನ ಅನ್ನುವುದು ಗೊತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಾಟಿ. 57 ಸುರಂಗ. 50 ಮೀಟರ್ ಹೋದರೆ ಒಂದು ಮೀಟರ್ ಇಳಿಜಾರು. ಅಲ್ಲಿ ವೇಗ ಗಂಟೆಗೆ 30 ಕಿ.ಮೀ. ಮಾತ್ರ. ನಿಮ್ಮ ವಿಮಾನ ಬೆಂಗಳೂರಿನಿಂದ ಮಂಗಳೂರಿಗೆ ಎರಡು ಸಲ ಹಾರುವಷ್ಟು ಹೊತ್ತು ಆ 55 ಕಿ.ಮೀ.ಗೇ ಬೇಕು. ಆದರೆ ಆ ಹೊತ್ತಿನಲ್ಲಿ ನೀವು ನಿದ್ದೆಯಲ್ಲಿ ಇರುತ್ತೀರಿ.

1996ರಲ್ಲಿ ಗೇಜ್ ಬದಲಿಸಲು ಈ ಮಾರ್ಗ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ ನಮಗೆ ರೈಲೇ ಇರಲಿಲ್ಲ. ಅದಕ್ಕೇ ಈಗ ಯಾರಾದರೂ ಈ ರೈಲನ್ನು ಮರೆತರೆ ನನಗೆ ಬೇಜಾರಾಗುತ್ತದೆ.

ಘಾಟಿಯ ಮಳೆ

ಹಗಲಿನ ರೈಲಿನಲ್ಲಿ ಒಮ್ಮೆ ಹೋಗಿ. ಗಾಜಿನ ಚಾವಣಿ ಇರುವ ವಿಸ್ಟಾಡೋಮ್ ಬೋಗಿ 2021ರಿಂದ ಇದೆ. ಜಲಪಾತದ ನೀರು ಕಿಟಕಿಗೇ ಬಂದು ಬಡಿಯುತ್ತದೆ. ಅವಸರ ಇಲ್ಲದ ದಿನ ಮಾತ್ರ.

ಗುಂಡ್ಯ ಹೊಳೆ

ಮಳೆಗಾಲದಲ್ಲಿ ಆ ಹಳಿ ಮೇಲೂ ಮಣ್ಣು ಬೀಳುತ್ತದೆ. 2018ರಲ್ಲಿ ವಾರಗಟ್ಟಲೆ ರೈಲು ನಿಂತಿತ್ತು.

ಕಬಕ ಲೋಕಲ್

ನಿಜ. ಘಟ್ಟ ದಾಟುವ ಯಾವ ದಾರಿಗೂ ಮಳೆ ಬಿಟ್ಟಿಲ್ಲ.

ಯಲಹಂಕ ಉಪನಗರ

ಮೂಲ ಪೋಸ್ಟ್‌ನವರಿಗೆ ಒಂದೆರಡು ಮಾತು. ಮುಂದೆ ವಿಮಾನದಲ್ಲೇ ಹೋಗಬೇಕಾಗಿ ಬಂದರೆ ಕೈಚೀಲ ಮಾತ್ರ ಹಿಡಿದು ಹೋಗಿ. ಬ್ಯಾಗು ಕೊಡಲು ಹೊರಡುವ ಒಂದು ಗಂಟೆ ಮುಂಚೆ ಬಾಗಿಲು ಮುಚ್ಚುತ್ತಾರೆ, ಆ ಗಡಿಬಿಡಿ ಇರುವುದಿಲ್ಲ. ಮಂಗಳೂರಿನಲ್ಲಿ ಕಾಯುವ ಇಪ್ಪತ್ತು ನಿಮಿಷವೂ ಉಳಿಯುತ್ತದೆ. ಡಿಜಿಯಾತ್ರಾ (ಮುಖ ಗುರುತಿಸಿ ನಿಲ್ದಾಣದೊಳಗೆ ಬಿಡುವ ಆ್ಯಪ್) ಮೊದಲೇ ಮಾಡಿಟ್ಟುಕೊಳ್ಳಿ. ಬೆಳಿಗ್ಗೆ ಆರು, ಏಳು ಗಂಟೆಯ ವಿಮಾನ ಹಿಡಿಯಿರಿ. ನಾಲ್ಕಕ್ಕೆ ಹೊರಟರೆ ಎಲೆಕ್ಟ್ರಾನಿಕ್ ಸಿಟಿಯಿಂದ ಒಂದು ಗಂಟೆ ಹತ್ತು ನಿಮಿಷಕ್ಕೆ ಬರಬಹುದು. ಅಷ್ಟರಿಂದಲೇ ನಿಮ್ಮ ಆರೂಮುಕ್ಕಾಲು ಗಂಟೆ ಐದೂಕಾಲು ಆಗುತ್ತದೆ.

ಪುತ್ತೂರಿನ ಮಗ

ಎಲ್ಲರಿಗೂ ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಊರಿಗೆ ಹೋಗಿದ್ದೆ. ಕಬಕ ಲೋಕಲ್ ಹೇಳಿದ ರೈಲಿನಲ್ಲೇ ಹೋದೆ.

ಸಂಜೆ 7:15ಕ್ಕೆ ಮನೆ ಬಿಟ್ಟು ಹಳದಿ ಮೆಟ್ರೋ ಹಿಡಿದೆ. ಆರ್.ವಿ. ರೋಡ್‌ನಲ್ಲಿ ಹಸಿರಿಗೆ ಬದಲಿಸಿ ಮೆಜೆಸ್ಟಿಕ್. ಹೆಬ್ಬಾಳವೂ ಇಲ್ಲ, ಸಿಲ್ಕ್ ಬೋರ್ಡ್ ಜಾಮೂ ಇಲ್ಲ. ನಿಲ್ದಾಣದಲ್ಲಿ ಊಟ ಮುಗಿಸಿ ರೈಲು ಹತ್ತಿದೆ. ಯಾವ ಸುರಂಗವೂ ಗೊತ್ತಾಗಲಿಲ್ಲ. ಇನ್ನೂ ಕತ್ತಲು ಇರುವಾಗಲೇ ಸುಬ್ರಹ್ಮಣ್ಯ ದಾಟಿದ ಮೇಲೆ ಎಚ್ಚರ ಆಯಿತು. ಕಿಟಕಿಯಿಂದ ಒದ್ದೆ ಮಣ್ಣಿನ ವಾಸನೆ ಬಂತು.

ಗಂಟೆ ಲೆಕ್ಕ ಹಾಕಿದರೆ ವಿಮಾನಕ್ಕಿಂತ ಮೂರು ಗಂಟೆ ಜಾಸ್ತಿ. ಆದರೆ ಅದರಲ್ಲಿ ಆರು ಗಂಟೆ ನಿದ್ದೆ ಮಾಡಿದ್ದೆ. ಒಂದು ದಿನದ ರಜೆ ಉಳಿಯಿತು.

ಹೊರಗೆ ಬಂದರೆ ಅಪ್ಪ ಕೋಲು ಹಿಡಿದು ನಿಂತಿದ್ದರು. ಬೇಡ ಅಂದರೂ ಪಕ್ಕದ ಮನೆಯವರ ರಿಕ್ಷಾದಲ್ಲಿ ಬಂದಿದ್ದರು.

ಡೊಂಬಿವಿಲಿ ಅಕ್ಕ

ಓದಿ ಕಣ್ಣು ತುಂಬಿತು. ನಮ್ಮಪ್ಪನೂ ಹೀಗೇ ಕುಂದಾಪುರ ಸ್ಟೇಷನ್‌ನಲ್ಲಿ ಅರ್ಧ ಗಂಟೆ ಮುಂಚೆ ಬಂದು ನಿಲ್ಲುತ್ತಿದ್ದರು.

ಕರಾವಳಿ ಹುಡುಗ

ಆ ರೈಲಿಗೆ ಟಿಕೆಟ್ ಸಿಗುತ್ತದಾ? ಶುಕ್ರವಾರ ಯಾವಾಗ ನೋಡಿದರೂ ವೇಟಿಂಗ್ ಇರುತ್ತದೆ.

ಕಬಕ ಲೋಕಲ್

ಶುಕ್ರವಾರ ಕಷ್ಟ. ಗುರುವಾರ ರಾತ್ರಿ ಹೋಗಿ, ಭಾನುವಾರ ವಾಪಸ್ ಬರುವುದನ್ನು ಮಾತ್ರ ಮೊದಲೇ ಮಾಡಿಟ್ಟುಕೊಳ್ಳಿ. ಸಿಗದಿದ್ದರೆ ಹಾಸನದವರೆಗೆ ಬೇರೆ ರೈಲು, ಅಲ್ಲಿಂದ ಬಸ್ಸು.

ಬಿ.ಸಿ. ರೋಡ್ ಬದಿ

ಕೆ.ಟಿ. ಕುಡಿದಿರಾ?

ಪುತ್ತೂರಿನ ಮಗ

ಈ ಸಲ ಕಲ್ಲಡ್ಕದ ಕಡೆ ಹೋಗಲೇ ಇಲ್ಲ. ಮುಂದಿನ ತಿಂಗಳು ಅಪ್ಪನನ್ನು ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿದೆ, ಆಗ ಇಬ್ಬರೂ ಕುಡಿಯುತ್ತೇವೆ.